ಪದಚರ್ಚೆ: ‘ಪ್ರಬಲ ಜಾತಿ’ಯೋ, ‘ಪ್ರಬಲರ ಜಾತಿ’ಯೋ?

ಮಾನ್ಯರೆ,

ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಯ ಕೆಲಸವಾಗಿ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಡಾಮಿನೆಂಟ್ ಕಾಸ್ಟ್ ಇನ್ ರಾಂಪುರ’ ಎಂಬ ಲೇಖನದ ವಿಶ್ಲೇಷಣೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಾಂಪುರವೆಂಬುದು ಅವರು ಇಟ್ಟ ಹೆಸರು. ಅವರು 1948ರಲ್ಲಿ ತಂಗಿದ್ದು ಅಧ್ಯಯನ ನಡೆಸಿದ ಊರು ಮೈಸೂರಿನ ಸಮೀಪದ ಕೊಡಗಹಳ್ಳಿ. ಕನ್ನಡ ಮಾತಾಡುವ ಊರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಮತ್ತೆ ಕನ್ನಡಕ್ಕೆ ತರುವಾಗ ಕೆಲವು ಪದಗಳು ಎಳೆದಲ್ಲಿಗೆ ಬರುತ್ತಿಲ್ಲ. ಅವುಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

‘ಡಾಮಿನೆಂಟ್ ಕಾಸ್ಟ್’, ಅಂದರೆ ಊರಿನ ಮೇಲೆ ಹಿಡಿತವಿರುವ ಜಾತಿ, ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಪ್ರಬಲ ಜಾತಿ’ ಎಂಬುದು ನೆಲೆಯೂರಿದೆ, ಅದನ್ನು ಬದಲಿಸಬೇಕೆಂಬ ಹಟವೇನೂ ನನಗಿಲ್ಲ. ತೊಡಕಿರುವುದು ಅದರ ಬಳಕೆಯಲ್ಲಿ. ಲೇಖನ ಒಂದು ಊರನ್ನು ಕುರಿತದ್ದಾದರೂ, ಚುನಾವಣೆ ಹತ್ತಿರ ಬಂದಾಗ ಪತ್ರಿಕೆಗಳು ಲಿಂಗಾಯತರನ್ನೂ ಒಕ್ಕಲಿಗರನ್ನೂ ರಾಜ್ಯದ ‘ಪ್ರಬಲ ಜಾತಿಗಳು’ ಎನ್ನುತ್ತವೆ. ಇನ್ನು ಕೆಲವು ಬರಹಗಳಲ್ಲಿ ಅದೇ ಪದ ‘ಮೇಲ್ಜಾತಿ’ಗೆ ಪರ್ಯಾಯವಾಗಿ ಬರುತ್ತದೆ. ಈ ಎರಡನೆಯ ಬಳಕೆಯಂತೂ ಲೇಖನದ ವಾದವನ್ನೇ ತಲೆಕೆಳಗು ಮಾಡುತ್ತದೆ. ರಾಂಪುರದಲ್ಲಿ ಮಡಿಮೈಲಿಗೆಯ ಲೆಕ್ಕದಲ್ಲಿ ಬ್ರಾಹ್ಮಣರು ಮೇಲಿದ್ದರೂ ಅವರ ಮನೆಗಳು ಬೆರಳೆಣಿಕೆಯಷ್ಟಿದ್ದವು. ಊರಿನ ಹಿಡಿತವಿದ್ದದ್ದು ಜನಬಲವೂ ಜಮೀನೂ ಪಟೇಲಿಕೆಯೂ ಕೂಡಿಬಂದಿದ್ದ ಒಕ್ಕಲಿಗರ ಕೈಯಲ್ಲಿ. ಶಾಸ್ತ್ರದಲ್ಲಿ ಮೇಲಿರುವುದು ಬೇರೆ, ಊರಿನಲ್ಲಿ ನಡೆಯುವ ಮಾತು ಬೇರೆ ಎಂಬುದನ್ನು ತೋರಿಸಲೆಂದೇ ಬಂದ ಪರಿಭಾಷೆಯನ್ನು ‘ಮೇಲ್ಜಾತಿ’ಯ ಅರ್ಥದಲ್ಲಿ ಬಳಸಿದರೆ ಉಳಿಯುವುದೇನು?

ಎರಡನೆಯದು ‘ಎಲಿಮೆಂಟ್ಸ್ ಆಫ್ ಡಾಮಿನೆನ್ಸ್’ ಎಂಬ ಪದಗುಚ್ಛ. ಇದನ್ನು ಕೆಲವು ನೋಟ್ಸುಗಳಲ್ಲಿ ‘ಪ್ರಬಲ ಜಾತಿಯ ಲಕ್ಷಣಗಳು’ ಎಂದು ಕೊಟ್ಟಿರುತ್ತಾರೆ, ಪರೀಕ್ಷೆಯಲ್ಲಿ ಅಂಕಿ ಹಾಕಿ ಬರೆಯಲು ಅದು ಅನುಕೂಲವೂ ಹೌದು. ಆದರೆ ‘ಲಕ್ಷಣ’ ಎಂದೊಡನೆ ನಮ್ಮ ತರ್ಕಶಾಸ್ತ್ರದ ಕಟ್ಟಳೆ ಹಿಂದೆಯೇ ಬರುತ್ತದೆ: ಲಕ್ಷಣವು ಲಕ್ಷ್ಯದ, ಅಂದರೆ ಅದು ವಿವರಿಸುವ ವಸ್ತುವಿನ, ಎಲ್ಲ ನಿದರ್ಶನಗಳಲ್ಲಿಯೂ ಇರಬೇಕು, ಒಂದರಲ್ಲಿ ಇಲ್ಲದಿದ್ದರೆ ಅವ್ಯಾಪ್ತಿ ದೋಷ, ಬೇರೆಡೆಯೂ ಇದ್ದರೆ ಅತಿವ್ಯಾಪ್ತಿ ದೋಷ. ಲೇಖನ ಹೇಳುವುದು ಹಾಗಲ್ಲ. ಸಂಖ್ಯೆ, ಆರ್ಥಿಕ ಹಾಗೂ ರಾಜಕೀಯ ಶಕ್ತಿ, ತೀರ ಕೆಳಗಿರದ ಶ್ರೇಣಿ, ಇವೆಲ್ಲ ಒಂದೇ ಜಾತಿಯಲ್ಲಿ ನೆರೆದಿರುವುದು ಅಪರೂಪ, ಸಾಮಾನ್ಯವಾಗಿ ಅವು ಊರಿನ ಬೇರೆ ಬೇರೆ ಜಾತಿಗಳಲ್ಲಿ ಹಂಚಿಹೋಗಿರುತ್ತವೆ ಎಂದು ಶ್ರೀನಿವಾಸರೇ ಸ್ಪಷ್ಟಪಡಿಸುತ್ತಾರೆ. ಎಲ್ಲವೂ ಒಂದೆಡೆ ಕೂಡಿದಾಗ ಮಾತ್ರ ಅದನ್ನು ‘ಡಿಸೈಸಿವ್ ಡಾಮಿನೆನ್ಸ್’ ಎನ್ನುತ್ತಾರೆ. ಓದಿದವರ ಸಂಖ್ಯೆಯನ್ನೂ ಅವರು ಹಿಡಿದಿರುವ ಉದ್ಯೋಗಗಳನ್ನೂ ಈ ಲೇಖನದಲ್ಲಿ ಶ್ರೀನಿವಾಸರು ಲೆಕ್ಕಕ್ಕೆ ಸೇರಿಸುತ್ತಾರೆ, ತಮ್ಮ ಹುಡುಗರು ಓದಿ ಸರ್ಕಾರಿ ಅಧಿಕಾರಿಗಳಾಗಬೇಕೆಂಬ ಹಳ್ಳಿಗರ ಆಸೆಯನ್ನೂ ಗುರುತಿಸುತ್ತಾರೆ. ಅಂದರೆ ಇದು ಮುಚ್ಚಿದ ಪಟ್ಟಿಯಲ್ಲ, ಕಾಲಕ್ಕೆ ತಕ್ಕಂತೆ ಬೆಳೆಯುವಂಥದು. ಆದ್ದರಿಂದ ‘ಲಕ್ಷಣ’ವನ್ನು ಬಿಟ್ಟು ‘ಪ್ರಾಬಲ್ಯದ ಅಂಶಗಳು’ ಅಥವಾ ‘ಅಂಗಗಳು’ ಎನ್ನುವುದು ಮೇಲೆಂದು ನನ್ನ ಅನಿಸಿಕೆ. ದೊರೆ, ಮಂತ್ರಿ, ಬೊಕ್ಕಸ, ದಂಡು ಮೊದಲಾದ ರಾಜ್ಯದ ಸಪ್ತಾಂಗಗಳಲ್ಲಿ ಒಂದು ಬಡವಾದರೂ ರಾಜ್ಯ ರಾಜ್ಯವೇ ಆಗಿರುತ್ತದಲ್ಲವೆ? ‘ಡಿಸೈಸಿವ್’ ಎಂಬುದಕ್ಕೆ ‘ನಿರ್ಣಾಯಕ’ ಎಂದು ಬರೆದಿದ್ದೇನೆ, ಆದರೆ ಪತ್ರಿಕೆಗಳ ‘ನಿರ್ಣಾಯಕ ಮತಗಳು’ ಅದರ ಅರ್ಥವನ್ನು ಸೋಲುಗೆಲುವಿನ ಕಡೆಗೆ ಎಳೆಯುವುದರಿಂದ ‘ಸರ್ವಾಂಗ ಪ್ರಾಬಲ್ಯ’ ಹೊಂದೀತೇ ಎಂದು ಯೋಚಿಸುತ್ತಿದ್ದೇನೆ.

‘ಡಾಮಿನೆನ್ಸ್’ಗೆ ‘ಯಜಮಾನಿಕೆ’ ಎಂಬ ಸಲಹೆಯೂ ಬಂದಿದೆ. ಪದ ಸೊಗಸಾಗಿದೆ, ಕುಲದ ಯಜಮಾನ, ಮನೆಯ ಯಜಮಾನ ಎಂದು ಹಳ್ಳಿಯಲ್ಲಿ ದಿನಬಳಕೆಯ ಮಾತೂ ಹೌದು. ಅದಲ್ಲದೆ ಲೇಖನದ ಬಹುಭಾಗ ನ್ಯಾಯ ತೀರ್ಮಾನಕ್ಕೆ ಸಂಬಂಧಿಸಿದ್ದು: ಒಕ್ಕಲಿಗ ಹಿರಿಯರು ತಮ್ಮವರ ಜಗಳಗಳನ್ನಷ್ಟೇ ಅಲ್ಲದೆ ಉಳಿದ ಜಾತಿಯವರ ವ್ಯಾಜ್ಯಗಳನ್ನೂ ಬಗೆಹರಿಸುತ್ತಿದ್ದರು, ಹಾಗೆ ಬಗೆಹರಿಸುವಾಗ ಆಯಾ ಜಾತಿಯ ಕಟ್ಟುಕಟ್ಟಳೆಗೆ ಮನ್ನಣೆ ಕೊಡುತ್ತಿದ್ದರು. ಜಗಲಿಯ ಮೇಲೆ ಕೂತು ನ್ಯಾಯ ಹೇಳುವ ಆ ಚಿತ್ರಕ್ಕೆ ‘ಯಜಮಾನಿಕೆ’ಗಿಂತ ಒಪ್ಪುವ ಮಾತು ಸಿಗಲಾರದು. ಆದರೂ ನಾನು ಅದನ್ನು ಬಿಟ್ಟಿದ್ದೇನೆ. ಇಟಲಿಯ ಚಿಂತಕ ಗ್ರಾಂಶಿಯ ‘ಹೆಜಿಮನಿ’ಗೆ ಕನ್ನಡದ ವಿಮರ್ಶೆಯಲ್ಲಿ ‘ಯಜಮಾನಿಕೆ’ ಆಗಲೇ ಬಳಕೆಯಾಗುತ್ತಿದ್ದು, ಆಳಿಸಿಕೊಳ್ಳುವವರ ಮನಸ್ಸಿನ ಒಪ್ಪಿಗೆ ಆ ಪರಿಕಲ್ಪನೆಯ ತಿರುಳು. ಶ್ರೀನಿವಾಸರ ಪದ ಮೊದಲು ಕೇಳುವುದು ಎಷ್ಟು ಜನ, ಎಷ್ಟು ಜಮೀನು ಎಂಬುದನ್ನು. ಒಂದೇ ಪದ ಎರಡನ್ನೂ ಹೊತ್ತರೆ ಪಾಪ, ಓದುಗ ಎಲ್ಲಿ ನಿಲ್ಲಬೇಕು?

ಇನ್ನು ಶೀರ್ಷಿಕೆಯಲ್ಲಿ ಎತ್ತಿದ ಪ್ರಶ್ನೆ. ಈ ಪರಿಕಲ್ಪನೆಗೆ ಬಂದ ಆಕ್ಷೇಪಗಳಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡ್ಯೂಮೋ ಅವರದು ಸಂಖ್ಯಾಬಲವನ್ನು ಕುರಿತದ್ದು. ಅವರಿಗೆ ಭೂಮಿಯ ಮೇಲಿನ ಹಕ್ಕೇ ಮುಖ್ಯ. ಭಾಷೆಯ ದೃಷ್ಟಿಯಿಂದ ನನ್ನನ್ನು ಹಿಡಿದು ನಿಲ್ಲಿಸಿದ್ದು 1968ರಲ್ಲಿ ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ ಎತ್ತಿದ ಆಕ್ಷೇಪ. ಅಧಿಕಾರ ನಿಜವಾಗಿ ಇರುವುದು ಕೆಲವೇ ವ್ಯಕ್ತಿಗಳ, ಬಣಗಳ ಕೈಯಲ್ಲಿ. ಅದೇ ಜಾತಿಯ ಬಡವನಿಗೆ ಅದರಲ್ಲಿ ಪಾಲಿಲ್ಲದಿರುವಾಗ ಇಡೀ ಜಾತಿಯನ್ನು ಪ್ರಬಲವೆನ್ನುವುದು ಹೇಗೆ ಎಂಬುದು ಆ ಆಕ್ಷೇಪದ ಸಾರ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಒಂದು ವಿಭಕ್ತಿ ಪ್ರತ್ಯಯ ಹೇಳಿಬಿಡುತ್ತದೆ: ‘ಪ್ರಬಲ ಜಾತಿ’ ಎಂದರೆ ಬಲ ಜಾತಿಯದು, ‘ಪ್ರಬಲರ ಜಾತಿ’ ಎಂದರೆ ಬಲ ಅದರೊಳಗಿನ ಕೆಲವರದು. ವಿಶ್ಲೇಷಣೆಯಲ್ಲಿ ಶ್ರೀನಿವಾಸರ ನಿಲುವಿಗೆ ಮೊದಲನೆಯದನ್ನೂ ದುಬೆಯವರ ನಿಲುವಿಗೆ ಎರಡನೆಯದನ್ನೂ ಬಳಸಬಹುದೇ, ಅಥವಾ ಇದು ಪದಗಳ ಚಮತ್ಕಾರವಾಗಿ ಕಂಡೀತೇ?

ಆಡುಮಾತಿನಲ್ಲಿ ಎರಡಕ್ಕೂ ಸಾಕ್ಷಿ ಇದೆ. ಮೈಸೂರು, ಮಂಡ್ಯದ ಕಡೆ ‘ಗಟ್ಟಿಕುಳ’ ಎಂದು ಕರೆಸಿಕೊಳ್ಳುವವನು ಒಬ್ಬ ವ್ಯಕ್ತಿ, ಜಾತಿಯಲ್ಲ. ಕಂದಾಯ ಕಟ್ಟುವವನೆಂಬ ‘ಕುಳ’ದ ಅರ್ಥ ಅದರಲ್ಲಿ ಇನ್ನೂ ಉಳಿದಿರುವುದರಿಂದ ಜಮೀನಿನ ನಂಟೂ ಬಿಟ್ಟಿಲ್ಲ. ಅದೇ ಜನ, ಹತ್ತಾರು ಜಾತಿಗಳು ವಾಸಿಸುವ ಊರನ್ನು ತೋರಿಸಿ ‘ಅದು ಒಕ್ಕಲಿಗರ ಊರು’, ‘ಇದು ಕುರುಬರ ಊರು’ ಎಂದೂ ಹೇಳುತ್ತಾರೆ. ಇಲ್ಲಿ ಊರಿನ ಮೇಲಿನ ಒಡೆತನ ಇಡೀ ಜಾತಿಗೆ ಸಲ್ಲುತ್ತದೆ, ಮತ್ತು ಶ್ರೀನಿವಾಸರ ಪರಿಭಾಷೆಗೆ ಇದಕ್ಕಿಂತ ಹತ್ತಿರದ ದೇಸಿ ಮಾತು ನನಗೆ ಕಂಡಿಲ್ಲ.

ಕಲ್ಯಾಣ ಕರ್ನಾಟಕದಲ್ಲಿ, ಧಾರವಾಡ ಬೆಳಗಾವಿಯ ಕಡೆ, ಕರಾವಳಿಯಲ್ಲಿ ಈ ‘ಇಂಥವರ ಊರು’ ಎಂಬ ಪ್ರಯೋಗ ಇದೇ ಅರ್ಥದಲ್ಲಿದೆಯೇ, ಅಥವಾ ಅಲ್ಲಿ ಅದು ಬರಿಯ ಜನಸಂಖ್ಯೆಯನ್ನಷ್ಟೇ ಸೂಚಿಸುತ್ತದೆಯೇ ಎಂಬುದನ್ನು ಆಯಾ ಭಾಗದವರು ಉದಾಹರಣೆಯೊಡನೆ ತಿಳಿಸಿದರೆ ಉಪಕಾರವಾಗುತ್ತದೆ.