ಪ್ರತಿಭಟನೆಯ ಫೋಟೊ: ಬಾವುಟ ಬಿಟ್ಟು ಬೇರೇನು ತೆಗೆಯಲಿ?

ಶಂಕರಪುರ ಕ್ಯಾಮೆರಾ:
ನಮ್ಮೂರಿನ ಮೇಲೆ ದೊಡ್ಡ ಕರೆಂಟು ಲೈನು ಎಳೆಯುತ್ತಾರಂತೆ. ಎರಡು ತಿಂಗಳಿಂದ ಮಲ್ಲಿಗೆ ತೋಟದವರೆಲ್ಲ ರಸ್ತೆಯಲ್ಲಿ. ನಾನು 600 ಫೋಟೊ ತೆಗೆದೆ. ಕೂತು ನೋಡಿದರೆ ಎಲ್ಲ ಒಂದೇ ತರ: ಬಾವುಟ, ಎತ್ತಿದ ಕೈ, ತೆರೆದ ಬಾಯಿ. ಜಪಾನಿನ 60ರ ದಶಕದ ವಿದ್ಯಾರ್ಥಿ ಹೋರಾಟದ ಫೋಟೊಗಳನ್ನು ನೋಡಿ ಹುಚ್ಚು ಹಿಡಿದಿತ್ತು. ಕೆಲವಂತೂ ಪೂರ್ತಿ ಅಲುಗಾಡಿವೆ, ರವೆ ಚೆಲ್ಲಿದ ಹಾಗಿವೆ. ನಾನೂ ಶಟರ್ ನಿಧಾನ ಮಾಡಿದೆ. ಕೈ ನಡುಗಿದ ಹಾಗೆ ಬಂತು ಅಷ್ಟೆ. ಎಲ್ಲಿ ಎಡವುತ್ತಿದ್ದೇನೆ?

ಹಂಪನಕಟ್ಟೆ ಮಾಮ:
ಅಲುಗಾಟದ ಹಿಂದೆ ಬೀಳಬೇಡಿ ಮಾರಾಯ್ರೆ. ಆ ಶೈಲಿಗೆ ಹೆಸರಾದ 'ಪ್ರೊವೋಕ್' ಪತ್ರಿಕೆ 1968-69ರಲ್ಲಿ ಬಂದದ್ದು ಮೂರೇ ಸಂಚಿಕೆ. ಮೆರವಣಿಗೆಯ ವರದಿ ಅದರ ಕೆಲಸವೇ ಅಲ್ಲ. ಫೋಟೊಗ್ರಾಫರ್ ಹಮಾಯಾ ಹಿರೋಶಿಯನ್ನು ನೋಡಿ. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ಟೋಕಿಯೊ ಎದ್ದಾಗ ಒಂದು ತಿಂಗಳು ಬೀದಿ ಬಿಡದೆ ತೆಗೆದವರು. ಅದಕ್ಕೆ ಮೊದಲು ಹಿಮ ಬೀಳುವ ಹಳ್ಳಿಗಳ ಬದುಕನ್ನು ತೆಗೆಯುತ್ತಿದ್ದವರು ಅವರು. ಹೆಚ್ಚಿನ ಚಿತ್ರಗಳು ಸ್ಪಷ್ಟ, ಅಲುಗಾಟವಿಲ್ಲ.

ಮಣಿಪಾಲ ಮದುವೆ ಫೋಟೊ:
ನಿಮಗೆ ಬೇಕಾದವರು ಕಿತಾಯಿ ಕಝುಓ. 1964ರಲ್ಲಿ ಅಮೆರಿಕದ ಅಣು ಸಬ್‌ಮರೀನ್ ವಿರುದ್ಧ ಯೊಕೊಸುಕಾ ಬಂದರಿನಲ್ಲಿ ನಡೆದ ಪ್ರತಿಭಟನೆಯನ್ನು ಇವರೂ ಗುಂಪಿನೊಳಗೆ ನುಗ್ಗಿಯೇ ತೆಗೆದರು. ಆಮೇಲೆ ಟೋಕಿಯೊ ಹತ್ತಿರದ ಸಾನ್ರಿಝುಕಾ ಅನ್ನುವ ರೈತರ ಊರಿಗೆ ಹೋದರು. 1966ರಲ್ಲಿ ಸರಕಾರ ಅಲ್ಲಿ ವಿಮಾನ ನಿಲ್ದಾಣ ಮಾಡುತ್ತೇವೆ ಅಂತ ಹೇಳಿತ್ತು, ಈಗಿನ ನರಿಟಾ. ರೈತರು ಜಾಗ ಬಿಡಲಿಲ್ಲ, ವಿದ್ಯಾರ್ಥಿಗಳು ಬಂದು ಸೇರಿದರು. ನಿಲ್ದಾಣ ಶುರುವಾದದ್ದು 1978ರಲ್ಲಿ! ಕಿತಾಯಿ ಪೊಲೀಸರ ಲಾಠಿಗಿಂತ ಆ ರೈತರ ದಿನದ ಬದುಕನ್ನೇ ಜಾಸ್ತಿ ಹಿಡಿದರು.

ಮದುವೆಯಲ್ಲೂ ಹಾಗೆಯೇ. ಧಾರೆಯ ಫೋಟೊ ಎಲ್ಲರದ್ದೂ ಒಂದೇ. ಅಡುಗೆ ಕೋಣೆಗೆ ಹೋದರೆ ಅದು ಯಾರ ಮನೆ ಅಂತ ಗೊತ್ತಾಗುತ್ತದೆ. ನಿಮ್ಮ 600ರಲ್ಲಿ ಮಲ್ಲಿಗೆ ಎಷ್ಟುಂಟು?

ಶಂಕರಪುರ ಕ್ಯಾಮೆರಾ:
ಒಂದೂ ಇಲ್ಲ. ನಾಚಿಕೆಯಾಯಿತು.

ಇವತ್ತು ಬೆಳಕು ಹರಿಯುವ ಮೊದಲೇ ಪಕ್ಕದ ಮನೆಯ ಅಜ್ಜಿಯ ತೋಟಕ್ಕೆ ಹೋದೆ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ಇರುವವರು ಅವರೇ. ತಲೆಗೆ ಟಾರ್ಚ್ ಕಟ್ಟಿಕೊಂಡು ಮೊಗ್ಗು ಕೀಳುತ್ತಿದ್ದರು. ಜಗಲಿಯಲ್ಲಿ ನಿನ್ನೆಯ ಬಾವುಟ ಗೋಡೆಗೆ ಒರಗಿತ್ತು. ಅದರ ಕೋಲಿನ ಮೇಲೆ ಹೂ ಕಟ್ಟುವ ಬಾಳೆನಾರು ಒಣಗಲು ಹಾಕಿದ್ದರು.

ಮೂರು ಫೋಟೊ ಆಗುವಷ್ಟರಲ್ಲಿ "ಸುಮ್ನೆ ನಿಲ್ಬೇಡ, ಆ ಸಾಲು ನೀನು ಕೀಳು" ಅಂದರು. ಕ್ಯಾಮೆರಾ ಜಗಲಿಯಲ್ಲಿಟ್ಟೆ.