ಸೆಂಚುರಿಯನ್ ಟ್ಯಾಂಕ್ ಮಾದರಿ: ಡೆಕಾಲ್ ಅಡಿಯ ಬಿಳಿ ಪೊರೆ ಮತ್ತು ಮಣ್ಣಿನ ಬಣ್ಣ

ಪುಟ್ಟರಥ (ಪ್ರಶ್ನೆ):

1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಹುತಾತ್ಮರಾದ, ಮರಣೋತ್ತರವಾಗಿ ಪರಮವೀರ ಚಕ್ರ ಪಡೆದ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಅವರ ‘ಫಾಮಾಗುಸ್ತಾ’ ಎಂಬ ಸೆಂಚುರಿಯನ್ ಟ್ಯಾಂಕನ್ನು 1/35 ಅಳತೆಯಲ್ಲಿ ಮಾಡುತ್ತಿದ್ದೇನೆ. ಹಸಿರು ಬಣ್ಣವನ್ನು ಏರ್‌ಬ್ರಷ್‌ನಿಂದ ಮ್ಯಾಟ್ ಆಗಿ (ಹೊಳಪಿಲ್ಲದಂತೆ) ಹೊಡೆದು, ಒಂದು ದಿನ ಒಣಗಿಸಿ, ಬೇರೆ ಕಿಟ್‌ಗಳಲ್ಲಿ ಉಳಿದಿದ್ದ ಹಾಳೆಗಳಿಂದ ಆರು ಡೆಕಾಲ್‌ಗಳನ್ನು (ತೆಳು ಪೊರೆಯ ಮೇಲೆ ಮುದ್ರಿಸಿದ, ನೀರಿನಲ್ಲಿ ನೆನೆಸಿ ಅಂಟಿಸುವ ಅಕ್ಷರ-ಚಿಹ್ನೆಗಳು) ಅಂಟಿಸಿದೆ. ಮರುದಿನ ನೋಡಿದರೆ ಅಕ್ಷರಗಳ ಸುತ್ತಲಿನ ಪಾರದರ್ಶಕ ಪೊರೆಯೆಲ್ಲ ಬೆಳ್ಳಿಯಂತೆ ಮಿನುಗುತ್ತಿತ್ತು. ಈಗ ಮಳೆಗಾಲವಾದ್ದರಿಂದ ತೇವವೇ ಕಾರಣವೆಂದು ಭಾವಿಸಿ ಹೇರ್‌ ಡ್ರೈಯರ್ ಹಿಡಿದೆ, ಪ್ರಯೋಜನವಾಗಲಿಲ್ಲ. ಇದರ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೆ ಮುಚ್ಚಿಹೋಗುವುದೇ? ಇನ್ನೊಂದು ಸಂದೇಹ: ಚೈನಿಗೆ ಮೆತ್ತಲು ಮನೆಯಂಗಳದ ಕೆಮ್ಮಣ್ಣನ್ನು ಜರಡಿ ಹಿಡಿದು ಇಟ್ಟುಕೊಂಡಿದ್ದೇನೆ, ಅದು ಸರಿಯಾದೀತೇ?

ಹಳೇಕುಂಚ:

ವಾರ್ನಿಷ್ ಹೊಡೆಯಬೇಡಿ, ಹೊಡೆದರೆ ಆ ಬಿಳುಪು ಶಾಶ್ವತವಾಗಿ ಒಳಗೇ ಉಳಿಯುತ್ತದೆ. ಅದು ತೇವವಲ್ಲ, ಗಾಳಿ. ಮ್ಯಾಟ್ ಬಣ್ಣದ ಮೇಲ್ಮೈ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮವಾಗಿ ಒರಟಾಗಿರುತ್ತದೆ. ಡೆಕಾಲ್ ಪೊರೆ ಆ ಉಬ್ಬುಗಳ ತುದಿಯಲ್ಲಷ್ಟೇ ಕುಳಿತು, ತಗ್ಗುಗಳಲ್ಲಿ ಸಿಕ್ಕಿಬಿದ್ದ ಗಾಳಿ ಬೆಳಕನ್ನು ಚದುರಿಸುವುದರಿಂದ ಬೆಳ್ಳಿಯ ಹೊಳಪು ಕಾಣುತ್ತದೆ. ಆದ್ದರಿಂದಲೇ ಡೆಕಾಲ್‌ಗೆ ಮುನ್ನ ಟಮಿಯಾ ಎಕ್ಸ್-22ರಂತಹ ಹೊಳಪಿನ ಕ್ಲಿಯರ್ ಅನ್ನು ತೆಳುವಾಗಿ ಎರಡು ಪದರ ಹೊಡೆಯುವುದು ವಾಡಿಕೆ. ಕೊನೆಯಲ್ಲಿ ಮ್ಯಾಟ್ ವಾರ್ನಿಷ್ ಬೀಳುವುದರಿಂದ ಆ ಹೊಳಪು ಉಳಿಯುವುದಿಲ್ಲ.

ಈಗ ಆಗಿರುವುದನ್ನು ಸರಿಪಡಿಸಲು, ಮಿನುಗುವ ಕಡೆಯಲ್ಲೆಲ್ಲ ಸಣ್ಣ ಸೂಜಿಯಿಂದ ಅಥವಾ ಹೊಸ ಬ್ಲೇಡಿನ ತುದಿಯಿಂದ ಮೆಲ್ಲಗೆ ಚುಚ್ಚಿ, ಡೆಕಾಲ್ ಪೊರೆಯನ್ನು ಮೆದುಗೊಳಿಸುವ ಮೈಕ್ರೋ ಸಾಲ್ ದ್ರವವನ್ನು ಕುಂಚದಿಂದ ಸವರಿ, ಮುಟ್ಟದೆ ಬಿಡಿ. ಪೊರೆ ಮೆದುವಾಗಿ ಸುಕ್ಕುಗಟ್ಟಿದಂತೆ ಕಂಡಾಗ ಗಾಬರಿಯಾಗಿ ಬೆರಳಿಟ್ಟರೆ ಡೆಕಾಲ್ ಹರಿಯುತ್ತದೆ. ಸುಮ್ಮನಿದ್ದರೆ ಒಣಗುತ್ತ ತಾನೇ ಚಪ್ಪಟೆಯಾಗುತ್ತದೆ. ಎರಡು ಮೂರು ಸುತ್ತು ಬೇಕಾಗಬಹುದು.

ನಮ್ಮ ಊರಿಗೇ ಸಂಬಂಧಿಸಿದ ಒಂದು ಮಾತು: ಡೆಕಾಲ್ ನೆನೆಸಲು ಬೋರ್‌ವೆಲ್ ನೀರನ್ನು ಬಳಸಬೇಡಿ. ಜಯನಗರದಲ್ಲಿ ನಾನಿದ್ದ ಹಳೆಯ ಮನೆಯ ಗಡಸು ನೀರು ಒಣಗಿದ ಮೇಲೆ ಪ್ರತಿ ಡೆಕಾಲ್ ಸುತ್ತ ಸುಣ್ಣದ ಉಂಗುರ ಬಿಡುತ್ತಿತ್ತು, ಅದನ್ನೂ ನಾನು ಬಹಳ ದಿನ ಗಾಳಿಯ ಮಿನುಗೆಂದೇ ತಪ್ಪು ತಿಳಿದಿದ್ದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ವರ್ಷಕ್ಕೆ ಸಾಕು.

ಮೆಕ್ಕಲುಮಣ್ಣು:

ಹಳೇಕುಂಚ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಮಳೆಗಾಲವನ್ನು ಪೂರ್ತಿ ನಿರಪರಾಧಿಯೆಂದು ಬಿಟ್ಟುಬಿಡಲಾಗದು. ಕ್ಯಾನ್‌ನಲ್ಲಿ ಬರುವ ಲ್ಯಾಕರ್ ವಾರ್ನಿಷ್‌ನ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟಿ, ಇಡೀ ಮಾದರಿಯೇ ಮಂಜು ಮುಸುಕಿದಂತೆ ಬೆಳ್ಳಗಾಗುವುದುಂಟು. ಮಳೆ ಸುರಿಯುವ ಸಂಜೆ ಬಾಲ್ಕನಿಯಲ್ಲಿ ನಿಂತು ಹೊಡೆಯುವ ಬದಲು ಬಿಸಿಲು ಬಂದ ಮಧ್ಯಾಹ್ನಕ್ಕೆ ಕಾಯಿರಿ.

ಕೆಮ್ಮಣ್ಣಿನ ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತವಾಗಿ ‘ಬೇಡ’. ಬಸಂತರ್ ಕದನ ನಡೆದ ಶಕರ್‌ಗಢ ಪ್ರದೇಶ ಪಂಜಾಬಿನ ಬಯಲು. ಅಲ್ಲಿಯದು ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು, ಒಣಗಿದಾಗ ಬೂದು ಬೆರೆತ ತಿಳಿ ಕಂದು. ಬಸವನಗುಡಿಯ ಕೆಂಪನ್ನು ಚೈನಿಗೆ ಮೆತ್ತಿದರೆ ನಿಮ್ಮ ಫಾಮಾಗುಸ್ತಾ ಕನಕಪುರ ರಸ್ತೆಯಲ್ಲಿ ಕಾದಾಡಿ ಬಂದಂತಿರುತ್ತದೆ. ಜೊತೆಗೆ, ಅಂಗಳದ ಮಣ್ಣಿನ ಅರ್ಧ ಮಿಲಿಮೀಟರ್ ಕಣವೂ ಈ ಅಳತೆಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಕಲ್ಲಾಗುತ್ತದೆ. ಎಷ್ಟು ನಯವಾದ ಜರಡಿಯೂ ಸಾಲದು. ತಿಳಿ ಕಂದು ಮತ್ತು ಬೂದು ಪಿಗ್ಮೆಂಟ್ ಪುಡಿಗಳನ್ನು ಬೆರೆಸಿ, ಚಕ್ರಗಳ ಸುತ್ತ ಹೆಚ್ಚಾಗಿ, ಗೋಪುರದ ಮೇಲೆ ಬಹಳ ಕಡಿಮೆಯಾಗಿ ಉದುರಿಸಿ. ಡೆಕಾಲ್ ಮೊದಲು, ಧೂಳು ಆಮೇಲೆ. ಕೆಸರಾದ ಟ್ಯಾಂಕಿನ ಮೇಲೆ ಹೊಳೆಯುವ ಶುಭ್ರ ಅಕ್ಷರಗಳಷ್ಟು ಕೃತಕವಾದುದು ಬೇರೊಂದಿಲ್ಲ.

ಅಂಚುಗಳಿಗೆ ಕಪ್ಪು ವಾಶ್ (ಸಂದುಗಳಲ್ಲಿ ಹರಿದು ನಿಲ್ಲುವ ನೀರಾದ ಬಣ್ಣ) ಕೊಡುವಾಗ ಎನಾಮೆಲ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬಳಸಿ, ಕೆಳಗಿನ ಅಕ್ರಿಲಿಕ್ ಕದಡುವುದಿಲ್ಲ. ಪೇಂಟ್ ಅಂಗಡಿಯಲ್ಲಿ ‘ಥಿನ್ನರ್’ ಎಂದಷ್ಟೇ ಕೇಳಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ) ಥಿನ್ನರ್ ಕೊಟ್ಟುಬಿಡುತ್ತಾರೆ; ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಪುಟ್ಟರಥ:

ಇಬ್ಬರಿಗೂ ಧನ್ಯವಾದಗಳು. ನಾಲ್ಕು ಡೆಕಾಲ್‌ಗಳು ಎರಡನೆಯ ಸುತ್ತಿಗೇ ಬಣ್ಣ ಬಳಿದಂತೆ ಕುಳಿತವು, ಐದನೆಯದಕ್ಕೆ ಮೂರು ಸುತ್ತು ಬೇಕಾಯಿತು. ಆರನೆಯದು, ಎಚ್ಚರಿಕೆ ಓದಿಯೂ ಬೆರಳಿಟ್ಟ ಕಾರಣ, ಹರಿಯಿತು. ಅದು ಟ್ಯಾಂಕಿನ ಹೆಸರಿದ್ದ ಡೆಕಾಲೇ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇಲ್ಲದ್ದರಿಂದ ಹೊಸದನ್ನು ಮುದ್ರಿಸುವಂತಿಲ್ಲ. ಕೈಯಲ್ಲೇ ಬರೆಯಬೇಕೇ?

ಹಳೇಕುಂಚ:

ಬರೆಯಿರಿ. ಪೊರೆಯೇ ಇಲ್ಲದ ಮೇಲೆ ಮಿನುಗುವ ಪ್ರಶ್ನೆಯೂ ಇರುವುದಿಲ್ಲ. ಮೊದಲು ಆ ಜಾಗಕ್ಕೆ ಹೊಳಪಿನ ಕ್ಲಿಯರ್ ಹೊಡೆದು ಪೂರ್ತಿ ಒಣಗಿಸಿ, ಅಪ್ಪಟ ಬಿಳಿಯ ಬದಲು ಒಂದಿಷ್ಟು ಬೂದು ಬೆರೆಸಿದ ನೀರಿನ ಅಕ್ರಿಲಿಕ್ಕನ್ನು ಅತಿ ಸಣ್ಣ ತುದಿಯ 000 ಕುಂಚದಲ್ಲಿ ತೆಗೆದುಕೊಂಡು, ನಡುವಿನ ಅಕ್ಷರದಿಂದ ಎರಡೂ ಬದಿಗೆ ಬರೆಯುತ್ತ ಹೋದರೆ ಅಂತರ ಕೆಡುವುದಿಲ್ಲ. ತಪ್ಪಿದ ಅಕ್ಷರವನ್ನು ಹಸಿಯಿರುವಾಗಲೇ ಒದ್ದೆ ಕುಂಚದಿಂದ ಒರೆಸಿದರೆ ಕೆಳಗಿನ ಹಸಿರಿಗೆ ಏನೂ ಆಗುವುದಿಲ್ಲ.