1966ರ ಮಸ್ಟ್ಯಾಂಗ್: ಬಿರುಕು ಬಿಟ್ಟ ಶಾಕ್ ಟವರ್, ಮುಂಭಾಗದ ಸಸ್ಪೆನ್ಷನ್ ಮತ್ತು ಷಾಸಿಗೆ ಬಲ ಕೊಡುವ ಕ್ರಮ

ಪ್ರಶ್ನೆ: ಹಳೇಗಾಡಿ_ಮಿಶಿಗನ್

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1966ರ ಫೋರ್ಡ್ ಮಸ್ಟ್ಯಾಂಗ್ ಕೂಪೆ ಇದೆ. 289 ಘನ ಇಂಚಿನ ವಿ8 ಎಂಜಿನ್, ನಾಲ್ಕು ಗೇರಿನ ಮ್ಯಾನುಯಲ್. ನಾನಿರುವುದು ಮಿಶಿಗನ್‌ನಲ್ಲಿ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುವುದರಿಂದ ಆ ತಿಂಗಳುಗಳಲ್ಲಿ ನಾನು ಕಾರನ್ನು ಹೊರಗೆ ತೆಗೆಯುವುದಿಲ್ಲವಾದರೂ, ಹಿಂದಿನ ಮಾಲೀಕರೂ ಹಾಗೆಯೇ ಮಾಡಿದ್ದರೆಂದು ಹೇಳಲಾರೆ.

ತಿರುವಿನಲ್ಲಿ ಮುಂಭಾಗ ಓಲಾಡುತ್ತದೆಂದು, ಎರಡು ಶಾಕ್ ಟವರ್‌ಗಳ (ಎಂಜಿನ್‌ನ ಎರಡೂ ಬದಿಯಲ್ಲಿ ಮುಂದಿನ ಸಸ್ಪೆನ್ಷನ್‌ನ ಭಾರ ಹೊರುವ ತಗಡಿನ ಗೋಪುರಗಳು) ನಡುವೆ ಅಡ್ಡಲಾಗಿ ಹಾಕುವ ಮಾಂಟೆ ಕಾರ್ಲೊ ಬಾರ್ ತರಿಸಿದೆ. ಒಂದು ಬದಿಯ ಬೋಲ್ಟ್ ಸಲೀಸಾಗಿ ಕೂತಿತು. ಇನ್ನೊಂದು ಬದಿಯ ತೂತು ಹತ್ತಿರ ಹತ್ತಿರ ಅರ್ಧ ಇಂಚು ತಪ್ಪಿತು. ಕಾರಣ ಹುಡುಕುತ್ತಾ ಟಾರ್ಚ್ ಹಿಡಿದು ನೋಡಿದಾಗ, ಎಡ ಟವರ್‌ನಲ್ಲಿ, ಚಕ್ರವನ್ನು ಟವರ್‌ಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್‌ನ ಬೋಲ್ಟ್ ಹಾದುಹೋಗುವ ತೂತಿನಿಂದ ಬೆರಳುದ್ದದ ಬಿರುಕು ಮೇಲಕ್ಕೆ ಹರಿದಿರುವುದು ಕಂಡಿತು. ಅಲ್ಲದೆ, ಮುಂಭಾಗವನ್ನು ಜಾಕ್ ಮೇಲೆ ಎತ್ತಿದಾಗ ಚಾಲಕನ ಬದಿಯ ಬಾಗಿಲನ್ನು ಕೊಂಚ ಎತ್ತಿ ಹಿಡಿಯದೆ ಮುಚ್ಚಲಾಗುವುದಿಲ್ಲ.

ಸ್ಥಳೀಯ ಗ್ಯಾರೇಜೊಂದರಲ್ಲಿ ವಿಚಾರಿಸಿದರೆ, ಟವರ್‌ಗಳನ್ನೇ ಕತ್ತರಿಸಿ ಹಾಕಿ ನಂತರ ಬಂದ ಮಸ್ಟ್ಯಾಂಗ್ 2 ಕಾರಿನ ಮಾದರಿಯ, ಟವರ್ ಬೇಕಿಲ್ಲದ ಸಸ್ಪೆನ್ಷನ್ ಕೂರಿಸುವುದೇ ಸರಿ ಎಂದರು. ನನಗೆ ಕಾರಿನ ಮೂಲ ರೂಪ ಉಳಿಯಬೇಕು. ದಿನನಿತ್ಯದ ರಸ್ತೆ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್, ಇಷ್ಟೇ ಬಳಕೆ. ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಬೆಸುಗೆ_ಮತ್ತು_ಬೋಲ್ಟ್

ಬಾರ್ ತಪ್ಪಿದ್ದರಲ್ಲಿ ಬಾರ್‌ನ ದೋಷವೇನೂ ಇರಲಾರದು. ನಿಮ್ಮ ಟವರ್‌ಗಳು ಒಳಕ್ಕೆ ವಾಲಿವೆ. ದಯವಿಟ್ಟು ಬಾರ್‌ನ ತೂತನ್ನು ಅರೆದು ಅಗಲ ಮಾಡಿ ಕೂರಿಸಬೇಡಿ. ವಾಲಿದ ಟವರ್‌ಗಳನ್ನು ವಾಲಿದಂತೆಯೇ ಬಿಗಿದಿಡುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ.

ಹೀಗಾಗುವುದೇಕೆಂದರೆ, ಅದೇ ಕಾಲದ ಶೆವ್ರೊಲೆ ಶೆವೆಲ್ ಕಾರಿಗೆ ಇದ್ದಂತಹ ಪ್ರತ್ಯೇಕ ಚೌಕಟ್ಟು ಈ ಕಾರಿಗಿಲ್ಲ. ಫೋರ್ಡ್‌ನದೇ ಫಾಲ್ಕನ್ ಕಾರಿನ ಅಡಿಪಾಯದ ಮೇಲೆ ಕಟ್ಟಿದ ಮಸ್ಟ್ಯಾಂಗ್‌ನಲ್ಲಿ ತಗಡಿನ ದೇಹವೇ ಷಾಸಿ. ಸಾಮಾನ್ಯವಾಗಿ ಕೆಳಗಿನ ಆರ್ಮ್ ಮೇಲೆ ನಿಲ್ಲುವ ಕಾಯಿಲ್ ಸ್ಪ್ರಿಂಗ್ ಇಲ್ಲಿ ಮೇಲಿನ ಆರ್ಮ್ ಮೇಲೆ ನಿಂತು, ತನ್ನ ಮೇಲ್ತುದಿಯನ್ನು ಟವರ್‌ನ ನೆತ್ತಿಗೆ ಒತ್ತುತ್ತದೆ. ಗುಂಡಿಗೆ ಬಿದ್ದ ಚಕ್ರದ ಹೊಡೆತವೆಲ್ಲ ಅಲ್ಲಿಗೇ ಬರುತ್ತದೆ. ಅದರ ಒಂದು ಪಾಲು ಟವರನ್ನು ಮೇಲಕ್ಕೂ ಇನ್ನೊಂದು ಪಾಲು ಎಂಜಿನ್ ಕಡೆಗೂ ತಳ್ಳುತ್ತದೆ. ಕಾರ್ಖಾನೆಯಿಂದ ಬಂದಾಗ ಟವರ್‌ಗೂ ಕೌಲ್‌ಗೂ (ಮುಂದಿನ ಗಾಜಿನ ಬುಡದಲ್ಲಿ ಅಡ್ಡಲಾಗಿರುವ ತಗಡಿನ ಭಾಗ) ನಡುವೆ ಇದ್ದದ್ದು ತಗಡಿನ ಎರಡು ಬಿಡಿ ಪಟ್ಟಿಗಳು ಮಾತ್ರ. ಹೊರದೇಶಗಳಿಗೆ ಕಳುಹಿಸಿದ ಕಾರುಗಳಿಗೆ ಫೋರ್ಡ್‌ನವರೇ ಅವುಗಳ ಬದಲು ಒಂದೇ ತುಂಡಿನ ಗಟ್ಟಿ ಎಕ್ಸ್‌ಪೋರ್ಟ್ ಬ್ರೇಸ್ ಹಾಕುತ್ತಿದ್ದರು. ಜರ್ಮನಿಯಲ್ಲಿ ಟಿ-5 ಎಂಬ ಹೆಸರಿನಲ್ಲಿ ಮಾರಾಟವಾದ ಮಸ್ಟ್ಯಾಂಗ್‌ಗಳಲ್ಲಿ ಇದನ್ನು ಕಾಣಬಹುದು. ಮಸ್ಟ್ಯಾಂಗ್‌ನದೇ ವೇಗದ ಆವೃತ್ತಿಯಾದ 1965ರ ಶೆಲ್ಬಿ ಜಿಟಿ350ರಲ್ಲಿ ಈ ಬ್ರೇಸೂ ಮಾಂಟೆ ಕಾರ್ಲೊ ಬಾರೂ ಎರಡೂ ಇದ್ದವು. ಆದ್ದರಿಂದ ಇವೆರಡನ್ನೂ ಹಾಕಿದರೆ ಕಾರಿನ ಮೂಲ ರೂಪಕ್ಕೆ ಅಪಚಾರವೇನೂ ಆಗುವುದಿಲ್ಲ.

ಕೆಲಸವನ್ನು ಹೀಗೆ ಆರಂಭಿಸಿ. ಮೊದಲು ಸ್ಪ್ರಿಂಗ್‌ಗಳನ್ನು ಸರಿಯಾದ ಕಂಪ್ರೆಸರ್ ಬಳಸಿ ಹೊರತೆಗೆಯಿರಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಆನಂತರ ಟವರ್‌ಗಳ ನಡುವಿನ ಅಂತರವನ್ನೂ, ಪ್ರತಿ ಟವರ್‌ನಿಂದ ಎದುರು ಬದಿಯ ಫ್ರೇಮ್ ರೈಲ್‌ನ (ಕಾರಿನ ಅಡಿಯಲ್ಲಿ ಉದ್ದಕ್ಕೆ ಹೋಗುವ ತೊಲೆ) ಮುಂತುದಿಗೆ ಕರ್ಣರೇಖೆಯಲ್ಲಿರುವ ಅಂತರವನ್ನೂ ಅಳೆದು ಬರೆದುಕೊಳ್ಳಿ. ಕರ್ಣಗಳೆರಡೂ ಸಮವಾಗಿದ್ದು ಟವರ್‌ಗಳ ಅಂತರ ಮಾತ್ರ ಕಡಿಮೆಯಿದ್ದರೆ ಅದು ವಯಸ್ಸಿನ ವಾಲುವಿಕೆ. ಕರ್ಣಗಳೇ ಬೇರೆಯಾಗಿದ್ದರೆ ಕಾರು ಹಿಂದೆ ಎಲ್ಲೋ ಗುದ್ದಿಸಿಕೊಂಡಿದೆ, ಅದಕ್ಕೆ ಫ್ರೇಮ್ ಯಂತ್ರವೇ ಬೇಕು. ಮೊದಲನೆಯದಾದರೆ ಟವರ್‌ಗಳ ನಡುವೆ ಹೈಡ್ರಾಲಿಕ್ ಜಾಕ್ ಇಟ್ಟು, ಎರಡೂ ತುದಿಗೆ ದಪ್ಪ ಮರದ ತುಂಡು ಕೊಟ್ಟು, ನಿಧಾನವಾಗಿ ಅಗಲಿಸಬಹುದು. ಬಿಟ್ಟ ಕೂಡಲೇ ತಗಡು ಕೊಂಚ ಹಿಂದಕ್ಕೆ ಬರುವುದರಿಂದ, ಬೇಕಾದ ಅಳತೆಗಿಂತ ತುಸು ಹೆಚ್ಚೇ ತಳ್ಳಬೇಕಾಗುತ್ತದೆ.

ಬಿರುಕಿನ ವಿಚಾರ: ಬಣ್ಣವನ್ನು ಪೂರ್ತಿ ಕೆರೆದು ಬಿರುಕಿನ ನಿಜವಾದ ತುದಿಯನ್ನು ಕಂಡುಹಿಡಿದು, ಅದು ಮುಂದೆ ಹರಿಯದಂತೆ ಆ ತುದಿಯಲ್ಲಿ ಸಣ್ಣ ತೂತು ಕೊರೆದು, ಬಿರುಕಿನ ಉದ್ದಕ್ಕೂ ಅಂಚನ್ನು ಓರೆಯಾಗಿ ಅರೆದು ಮಿಗ್ ವೆಲ್ಡಿಂಗ್‌ನಿಂದ ತುಂಬಬೇಕು. ಅದರ ಮೇಲೆ ಬಲವರ್ಧನೆಯ ಪ್ಲೇಟ್ ಬರಬೇಕು. ಪ್ಲೇಟ್ ಬಿರುಕಿನ ಸುತ್ತ ಮಾತ್ರ ಅಂಗೈಯಗಲ ಇದ್ದರೆ, ಕೆಲವು ವರ್ಷಗಳಲ್ಲಿ ಅದರ ಅಂಚಿನಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಆರ್ಮ್ ಕೂರುವ ಜಾಗದಿಂದ ಫ್ರೇಮ್ ರೈಲ್‌ವರೆಗೆ ಇಳಿಯುವಂತಹ ಪ್ಲೇಟನ್ನೇ ಆರಿಸಿ. ಮಸ್ಟ್ಯಾಂಗ್‌ನ ಬಾಸ್ 302 ಮಾದರಿಗೆ ಫೋರ್ಡ್‌ನವರೇ ಟವರ್ ಬಲಪಡಿಸಿದ್ದನ್ನು ನೆನೆದರೆ, ಇದು ನಿಮ್ಮ ಕಾರೊಂದರ ಕಾಯಿಲೆಯಲ್ಲವೆಂದು ಸಮಾಧಾನವಾದೀತು.

ಉತ್ತರ: ತುಕ್ಕಿನ_ವೈರಿ

ಮೇಲಿನ ಉತ್ತರವನ್ನು ಒಪ್ಪುತ್ತಲೇ, ಬೆಸುಗೆಗೆ ಮುಂಚೆ ನೋಡಬೇಕಾದ ಎರಡು ಜಾಗಗಳನ್ನು ಸೇರಿಸುತ್ತೇನೆ. ಎಕ್ಸ್‌ಪೋರ್ಟ್ ಬ್ರೇಸ್‌ನ ಹಿಂತುದಿ ಕೂರುವುದು ಕೌಲ್‌ಗೆ. ಗಾಜಿನ ಕೆಳಗಿನ ಜಾಲರಿಯಿಂದ ನೀರೂ ಎಲೆಯೂ ಇಳಿದು ನಿಂತು ಒಳಗಿನಿಂದ ತುಕ್ಕು ಹಿಡಿಯುವುದು ಈ ಕಾರುಗಳ ಹಳೆಯ ವ್ಯಾಧಿ. ಜಾಲರಿಯೊಳಗೆ ಒಂದು ಚೊಂಬು ನೀರು ಸುರಿದು, ಮುಂದಿನ ಸೀಟಿನ ಕಾರ್ಪೆಟ್ ಅಡಿ ಒದ್ದೆಯಾಗುತ್ತದೆಯೇ ನೋಡಿ. ಒದ್ದೆಯಾದರೆ ಕೌಲ್ ರಿಪೇರಿಯೇ ಮೊದಲು. ಸಡಿಲ ತಗಡಿಗೆ ಎಷ್ಟು ಗಟ್ಟಿ ಬ್ರೇಸ್ ಬಿಗಿದರೂ ಪ್ರಯೋಜನವಿಲ್ಲ. ಎರಡನೆಯದು ಬಲಬದಿಯ ಮುಂಭಾಗದಲ್ಲಿ ಬ್ಯಾಟರಿ ಕೂರುವ ಜಾಗ. ದಶಕಗಳ ಕಾಲ ತೊಟ್ಟಿಕ್ಕಿದ ಆ್ಯಸಿಡ್ ಎಂಜಿನ್ ಪಕ್ಕದ ಏಪ್ರನ್ ತಗಡನ್ನು ತಿಂದು ಕೆಳಗಿನ ರೈಲ್‌ವರೆಗೂ ಇಳಿದಿರುತ್ತದೆ. ಚೂಪು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಬಾಗಿಲಿನ ಲಕ್ಷಣ ಟವರ್‌ಗೆ ಸೇರಿದ್ದಲ್ಲ, ನಡುಭಾಗದ್ದು. ಮುಂದಿನ ಫ್ರೇಮ್ ರೈಲ್‌ಗಳು ಸೀಟಿನ ಹತ್ತಿರ ನೆಲದಡಿಯಲ್ಲೇ ಮುಗಿದುಹೋಗುತ್ತವೆ, ಹಿಂದಿನವು ಹಿಂಬದಿಯಲ್ಲಿ ಬೇರೆಯಾಗಿಯೇ ಆರಂಭವಾಗುತ್ತವೆ, ನಡುವಿನ ಭಾರವನ್ನು ಹೊರುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ರಾಕರ್ ಮಾತ್ರ. ಮೇಲ್ಛಾವಣಿಯಿಲ್ಲದ ಕನ್ವರ್ಟಿಬಲ್‌ಗೆ ಫೋರ್ಡ್‌ನವರು ಹೆಚ್ಚಿನ ರಾಕರ್ ಬಲವನ್ನೂ, ರೈಲನ್ನು ರಾಕರ್‌ಗೆ ಜೋಡಿಸುವ ಟಾರ್ಕ್ ಬಾಕ್ಸ್‌ಗಳನ್ನೂ ಕೊಟ್ಟಿದ್ದರು. ನಿಮ್ಮ ಕೂಪೆಗೆ ಆ ಭಾಗ್ಯವಿಲ್ಲ. ರಾಕರ್‌ನಲ್ಲಿ ತುಕ್ಕಿಲ್ಲವೆಂದು ಖಚಿತವಾದ ಮೇಲೆ ಎರಡೂ ರೈಲ್‌ಗಳನ್ನು ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ಹಾಕಿಸಿ. ಬೋಲ್ಟ್‌ನಿಂದ ಕೂರಿಸುವಂಥವು ಸಿಗುತ್ತವೆ, ಆದರೆ ಬೋಲ್ಟ್ ತೂತುಗಳು ಕ್ರಮೇಣ ಅಗಲವಾಗುವುದರಿಂದ ನನ್ನ ಮತ ಬೆಸುಗೆಗೇ.

ಬೆಸುಗೆಯ ಹೊತ್ತಿಗೆ ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ, ಅಂದರೆ ರ್‍ಯಾಂಪ್ ಅಥವಾ ನಾಲ್ಕು ಕಂಬದ ಲಿಫ್ಟ್ ಮೇಲೆ ನಿಂತಿರಬೇಕು. ನಡುವೆ ಎತ್ತಿ ಹಿಡಿದು ಬೆಸುಗೆ ಹಾಕಿದರೆ ಕಾರು ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗಿ ಬಾಗಿಲಿನ ತೊಂದರೆ ಶಾಶ್ವತವಾಗುತ್ತದೆ. ಕಾರ್ಪೆಟ್ಟನ್ನೂ ಅದರಡಿಯ ಡಾಂಬರಿನ ಹಾಳೆಯನ್ನೂ ತೆಗೆದು, ಬ್ಯಾಟರಿ ಕಳಚಿ, ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳನ್ನು ಪಕ್ಕಕ್ಕೆ ಸರಿಸಿ. ಈ ಕಾರಿನ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ ಎಂಬುದನ್ನು ವೆಲ್ಡರ್‌ಗೂ ಮರೆಯದೆ ಹೇಳಿ.

ಉತ್ತರ: ವಿ8_ಪ್ರೇಮಿ

ಗ್ಯಾರೇಜಿನವರ ಸಲಹೆಯನ್ನು ಅಷ್ಟು ಬೇಗ ತಳ್ಳಿಹಾಕಬಾರದೆಂದು ನನ್ನ ಅನಿಸಿಕೆ. ಟವರ್ ಹೋದರೆ ಎಂಜಿನ್ ಸುತ್ತ ಧಾರಾಳ ಜಾಗ ಸಿಗುತ್ತದೆ, ಹೊಗೆ ಹೊರಹಾಕುವ ಹೆಡರ್ ಪೈಪು ಕೂರಿಸುವ ಕಷ್ಟ ತಪ್ಪುತ್ತದೆ, ರ್‍ಯಾಕ್ ಆ್ಯಂಡ್ ಪಿನಿಯನ್ ಸ್ಟೀರಿಂಗ್ ಬರುತ್ತದೆ. ಮುಂದೆಂದಾದರೂ ಅಗಲವಾದ ಹೊಸ ಎಂಜಿನ್ ಹಾಕುವ ಆಸೆಯಿದ್ದರೆ ಬೇರೆ ದಾರಿಯೇ ಇಲ್ಲ.

ಉತ್ತರ: ಬೆಸುಗೆ_ಮತ್ತು_ಬೋಲ್ಟ್

ಅಗಲವಾದ ಎಂಜಿನ್‌ಗೆ ಅದು ಸರಿ. ಆದರೆ ಪ್ರಶ್ನೆ ಕೇಳಿದವರ ಬಳಿ ಇರುವುದು 289, ಅದಕ್ಕೆ ಜಾಗ ಇದ್ದೇ ಇದೆ. ಇನ್ನೊಂದು ಸಂಗತಿಯೆಂದರೆ, ಮಸ್ಟ್ಯಾಂಗ್ 2 ಮಾದರಿಯ ಜೋಡಣೆಯಲ್ಲಿ ಸ್ಪ್ರಿಂಗ್‌ನ ಭಾರ ಹೊಸ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಮೂಲಕ ನೇರವಾಗಿ ಮುಂದಿನ ರೈಲ್‌ಗಳಿಗೆ ಬೀಳುತ್ತದೆ. ಆ ಭಾರವನ್ನು ಒಬ್ಬಂಟಿಯಾಗಿ ಹೊರಲೆಂದು ಆ ರೈಲ್‌ಗಳನ್ನು ರೂಪಿಸಿರಲಿಲ್ಲ. ಟವರ್, ಏಪ್ರನ್, ಕೌಲ್ ಎಲ್ಲ ಸೇರಿ ಹಂಚಿಕೊಳ್ಳುತ್ತಿದ್ದವು. ಟವರ್ ಕತ್ತರಿಸಿದವರು ರೈಲ್‌ಗಳಿಗೂ ಏಪ್ರನ್‌ಗೂ ಹೊಸದಾಗಿ ಬಲ ಕೊಡಲೇಬೇಕು, ಕಿಟ್‌ನ ಬೆಲೆ ಹೇಳುವಾಗ ಆ ಲೆಕ್ಕವನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ತುಕ್ಕು ಹಿಡಿದ ರೈಲ್ ಮೇಲಂತೂ ಈ ಕೆಲಸ ಕೂಡದು.

ಹಳೇಗಾಡಿ_ಮಿಶಿಗನ್

ಎಲ್ಲರಿಗೂ ಧನ್ಯವಾದಗಳು. ನೀರು ಸುರಿದು ನೋಡಿದೆ, ಬಲಬದಿ ತುಸು ಒದ್ದೆಯಾಯಿತು. ಹಾಗಾಗಿ ಕೌಲ್‌ನಿಂದಲೇ ಆರಂಭಿಸುತ್ತೇನೆ. ಹೇಗೂ ಎಲ್ಲ ಬಿಚ್ಚಿರುವಾಗ ಮೇಲಿನ ಆರ್ಮ್‌ನ ತೂತುಗಳನ್ನು ಕೆಳಕ್ಕೆ ಇಳಿಸುವುದು ಒಳ್ಳೆಯದೇ? ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳನ್ನೆಲ್ಲ ಪಾಲಿಯುರೆಥೇನ್‌ಗೆ ಬದಲಿಸಬೇಕೇ?

ಉತ್ತರ: ತುಕ್ಕಿನ_ವೈರಿ

ಇಳಿಸಿ. ಫೋರ್ಡ್‌ನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ರೂಪಿಸಿದ, ಜಿಟಿ350ಗೆ ಬಳಸಿದ ಮಾರ್ಪಾಡು ಇದು. ತೂತುಗಳು ಒಂದು ಇಂಚು ಕೆಳಕ್ಕೆ ಬರುತ್ತವೆ. ತಿರುವಿನಲ್ಲಿ ಹೊರಬದಿಯ ಚಕ್ರ ಹೊರಕ್ಕೆ ವಾಲುವುದು ಇದರಿಂದ ಕಡಿಮೆಯಾಗುತ್ತದೆ, ಕಾರೂ ಕೊಂಚ ತಗ್ಗುತ್ತದೆ. ಒಂದು ಇಂಚಿಗಿಂತ ಹೆಚ್ಚು ಇಳಿಸಿದರೆ ಮೇಲಿನ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗುಂಡು ಕೀಲು) ಸಿಕ್ಕಿಕೊಳ್ಳುತ್ತದೆ. ಟೆಂಪ್ಲೇಟ್ ಇಟ್ಟು, ಟವರ್ ನೆಟ್ಟಗಾದ ಮೇಲೆ, ಆದರೆ ಪ್ಲೇಟಿನ ಅಂತಿಮ ಬೆಸುಗೆಗೆ ಮುಂಚೆ ಕೊರೆಯಿರಿ. ಆಗ ತೂತು ಎರಡೂ ಪದರಗಳಲ್ಲಿ ಒಂದೇ ಜಾಗಕ್ಕೆ ಬೀಳುತ್ತದೆ.

ಬುಶ್‌ಗಳಲ್ಲಿ, ಕೆಳಗಿನ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸ್ಟ್ರಟ್ ರಾಡ್‌ನದ್ದನ್ನು ಮಾತ್ರ ರಬ್ಬರ್‌ನಲ್ಲೇ ಬಿಡಿ. ಚಕ್ರ ಮೇಲೆ ಕೆಳಗೆ ಆಡುವಾಗ ಆ ರಾಡ್ ತನ್ನ ಮುಂತುದಿಯಲ್ಲಿ ಓರೆಯಾಗಬೇಕಾಗುತ್ತದೆ. ಗಡಸು ಪಾಲಿಯುರೆಥೇನ್ ಅದಕ್ಕೆ ಅವಕಾಶ ಕೊಡದೆ ರಾಡನ್ನೇ ಬಗ್ಗಿಸಿ ಕೊನೆಗೆ ಮುರಿಯುವಂತೆ ಮಾಡಬಹುದು.

ಎಲ್ಲ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್‌ಗೆ ಹೋದಾಗ, 1966ರ ಕೈಪಿಡಿಯಲ್ಲಿರುವುದು ಹಳೆಯ ಬಯಾಸ್ ಪ್ಲೈ ಟೈರಿನ ಕಾಲದ ಅಂಕಿಗಳೆಂದು ತಿಳಿಸಿ. ಈಗಿನ ರೇಡಿಯಲ್ ಟೈರಿಗೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಹಿಂದು-ಮುಂದಿನ ವಾಲು) 2ರಿಂದ 3 ಡಿಗ್ರಿ ಪಾಸಿಟಿವ್, ಕ್ಯಾಂಬರ್ (ಚಕ್ರದ ಒಳ-ಹೊರ ವಾಲು) ಸೊನ್ನೆಯಿಂದ ಅರ್ಧ ಡಿಗ್ರಿ ನೆಗೆಟಿವ್, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಇಂಚಿನ ಎಂಟನೇ ಒಂದು ಭಾಗ ಇಟ್ಟುಕೊಳ್ಳಿ. ನಿಮ್ಮ ವರ್ಷದ ಕಾರಿನಲ್ಲಿ ಹೊಂದಾಣಿಕೆ ಮೇಲಿನ ಆರ್ಮ್‌ನ ಹಿಂದೆ ಕೂರುವ ಶಿಮ್‌ಗಳಿಂದ (ತೆಳು ಲೋಹದ ತುಂಡುಗಳು) ಆಗುತ್ತದೆ, ಆದ್ದರಿಂದ ಬೇರೆ ಬೇರೆ ದಪ್ಪದ ಒಂದು ಹಿಡಿ ಶಿಮ್‌ಗಳನ್ನು ಜೊತೆಗೇ ಒಯ್ಯಿರಿ.